ಆಳು ಸಿಗದಿರುವುದಕ್ಕೆ ಖಾತ್ರಿ ಕೆಲಸ ಹೊಣೆಯೇ?

ಬಿತ್ತನೆ, ಸುಗ್ಗಿಯ ಹೊತ್ತಿಗೆ ಉದ್ಯೋಗ ಖಾತ್ರಿ ಕೆಲಸ ನಿಲ್ಲಿಸಿ, ಆಳುಗಳು ತಾವಾಗಿಯೇ ಹೊಲಕ್ಕೆ ಬರುತ್ತಾರೆ ಎಂಬ ಬೇಡಿಕೆ ನಮ್ಮಲ್ಲಿ ಹೊಸದಲ್ಲ. ನರೇಗಾ ಜಾಗಕ್ಕೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ತಂದ ಕಾಯ್ದೆ ಅದಕ್ಕೆ ಮುದ್ರೆಯೊತ್ತಿತು. ಕೃಷಿ ಹಂಗಾಮಿನಲ್ಲಿ ಒಟ್ಟು 60 ದಿನ ಕೆಲಸ ಬಂದ್. ಖಾತರಿ 100ರಿಂದ 125 ದಿನಕ್ಕೆ ಏರಿದೆಯಲ್ಲ ಎನ್ನುತ್ತಾರೆ ಸಮರ್ಥಕರು. ಕಾಗದದಲ್ಲಿ 100 ಇದ್ದಾಗಲೂ ದೇಶದಲ್ಲಿ ಒಂದು ಕುಟುಂಬಕ್ಕೆ ಸರಾಸರಿ ಸಿಗುತ್ತಿದ್ದುದು 50 ದಿನದ ಆಸುಪಾಸು. ಅಷ್ಟು ದಿನ ಮಣ್ಣು ಹೊತ್ತವರು ಉಳಿದ ಮುನ್ನೂರು ದಿನಕ್ಕೂ ಸೋಮಾರಿಗಳಾಗಿಬಿಟ್ಟರಂತೆ!

ಆಳುಗಳು ಎಲ್ಲಿ ಹೋದರು ಎಂದು ತಿಳಿಯಲು ಸಿಂಧನೂರು, ಗಂಗಾವತಿ ಕಡೆ ಭತ್ತದ ಕೊಯ್ಲನ್ನೊಮ್ಮೆ ನೋಡಿ. ಮಷೀನು ಗದ್ದೆಗಿಳಿಯುತ್ತದೆ, ಕೊಯ್ದು, ಒಕ್ಕಿ, ಕಾಳನ್ನು ಟ್ರ್ಯಾಕ್ಟರಿಗೆ ಸುರಿದು ಪಕ್ಕದ ಗದ್ದೆಗೆ ಹೊರಟುಬಿಡುತ್ತದೆ. ಕೊಯ್ಯುವವರ, ಸಿವುಡು ಕಟ್ಟುವವರ, ಕಣದಲ್ಲಿ ತೂರುವವರ ಕೂಲಿ ಅಲ್ಲಿಗೆ ಮುಗಿಯಿತು. ಹೆಂಗಸರ ಕಳೆ ಕೆಲಸ ಕಳೆನಾಶಕದ ಡಬ್ಬಿಯ ಪಾಲಾಗಿದೆ. ಉಳಿದಿರುವುದು ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು. ಕೆಲವೇ ವಾರಗಳ, ಸೊಂಟ ಬೀಳುವ ಕೆಲಸ. ಅದಕ್ಕಾಗಿ ಒಂದು ಕುಟುಂಬ ವರ್ಷವಿಡೀ ಊರಲ್ಲಿ ಕಾದು ಕೂರಬೇಕೇ? ಯಾದಗಿರಿ, ರಾಯಚೂರಿನವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ಮಂಡ್ಯ, ರಾಮನಗರದ ಹೆಣ್ಣುಮಕ್ಕಳು ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ವ್ಯಾನು ಹತ್ತಿದರು. (ಎಲ್ಲ ಕೆಟ್ಟದ್ದು ಗೃಹಲಕ್ಷ್ಮಿಯ ಎರಡು ಸಾವಿರದಿಂದ ಎನ್ನುವವರು ಗಮನಿಸಲಿ: ಆ ಯೋಜನೆ ಶುರುವಾದದ್ದು 2023ರಲ್ಲಿ, ವ್ಯಾನುಗಳು ಅದಕ್ಕೂ ಬಹಳ ಮೊದಲಿನಿಂದ ಓಡುತ್ತಿವೆ.)

ಖಾತ್ರಿ ಕೆಲಸದ ಮೇಲಿನ ಅಸಲಿ ಸಿಟ್ಟು ಬೇರೆಯದು. ಹೊಲದಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಖಾತ್ರಿ ಕೆಲಸದಲ್ಲಿ ಇಬ್ಬರಿಗೂ ಒಂದೇ. ಕರ್ನಾಟಕದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. ಅದು ಇರುವವರೆಗೆ 'ಇಷ್ಟು ಕಡಿಮೆಗೆ ಬರೋಲ್ಲ' ಎನ್ನುವ ಧೈರ್ಯ ಹೆಣ್ಣಾಳಿಗಿತ್ತು. 60 ದಿನದ ತಡೆ ಕಸಿದುಕೊಳ್ಳುವುದು ಆ ಧೈರ್ಯವನ್ನು, ಅದೂ ಕೂಲಿಗೆ ಚೌಕಾಸಿ ಮಾಡಬಹುದಾದ ಹೊತ್ತಿನಲ್ಲೇ.

ಕೂಲಿ ಕೊಡಲಾಗದ ಸಣ್ಣ ರೈತನ ಸಂಕಟ ಸುಳ್ಳಲ್ಲ. ಆದರೆ ಆ ರೈತ ಯಾರು? 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ, ಸಂಬಳದಿಂದ ಬಂದದ್ದು 4,063. ಪಹಣಿಯಲ್ಲಿ ಹೆಸರಿರುವವರ ಮನೆಯೂ ನಡೆಯುತ್ತಿರುವುದು ಬೆಳೆಗಿಂತ ಹೆಚ್ಚಾಗಿ ಕೂಲಿ, ಸಂಬಳದಿಂದಲೇ. ಖಾತ್ರಿ ಕೆಲಸ ನಿಂತರೆ ಎರಡೆಕರೆ ಒಣಭೂಮಿಯವನಿಗೂ ಏಟು ತಪ್ಪಿದ್ದಲ್ಲ. ಗೆಲ್ಲುವವರು ಹತ್ತಾರು ಆಳಿಟ್ಟು ದುಡಿಸುವವರು ಮಾತ್ರ.

ಬೆಳೆಗೆ ಬೆಲೆ ಸಿಕ್ಕರೆ ರೈತ ಕೂಲಿ ಕೊಟ್ಟಾನು. ಆ ಬೆಲೆ ಕೇಳಬೇಕಾದ್ದು ಸರ್ಕಾರವನ್ನು, ಕೂಲಿಯವಳ ಹೊಟ್ಟೆಯನ್ನಲ್ಲ. ಕೆಲಸ ನಿಲ್ಲಿಸಿ ಎಂದು ಇಷ್ಟು ಕಾಲ ಮನವಿ ಕೊಟ್ಟ ರೈತ ಮುಖಂಡರೇ ಈಗ ಈ 60 ದಿನದ ತಡೆಯನ್ನು ತೆಗೆಯಿರಿ ಎಂದು ಮೊದಲು ದನಿ ಎತ್ತಲಿ.