ಸ್ಟಾರ್ಟರಿನೊಳಗಿನ ತರ್ಕ

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಎಂದೊಡನೆ ನಮ್ಮ ವಿದ್ಯಾರ್ಥಿಗಳು ದೂರದ ನಗರದ ಪ್ರಯೋಗಶಾಲೆಯನ್ನು ನೆನೆಯುತ್ತಾರೆ. ಅದು ದೊರೆಯದೆ ಸತ್ಯಕೋಷ್ಟಕಗಳನ್ನು ಬಾಯಿಪಾಠ ಮಾಡುತ್ತಾರೆ. ಇದು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಸವದತ್ತಿ ತಾಲ್ಲೂಕಿನ ಹೂಲಿಯಂತಹ ಊರಿನಲ್ಲಿ ಹೊಲಕ್ಕೆ ನೀರೆತ್ತುವ ಮೋಟಾರಿನ ಸ್ಟಾರ್ಟರೇ ಈ ಶಾಸ್ತ್ರದ ಮೊದಲ ಪಾಠವಾಗಬಲ್ಲದು.

ಹಸಿರು ಗುಂಡಿಯನ್ನು ಒತ್ತಿ ಬಿಟ್ಟ ಮೇಲೂ ಮೋಟಾರು ಓಡುತ್ತಿರುವುದೇಕೆ? ಒತ್ತಿದಾಗ ಸುರುಳಿಯಲ್ಲಿ ವಿದ್ಯುತ್ತು ಹರಿದು ಅದು ಕಾಂತವಾಗುತ್ತದೆ. ಕಬ್ಬಿಣದ ತುಂಡನ್ನು ಸೆಳೆದು, ಮೋಟಾರಿನ ಸಂಪರ್ಕಗಳೊಡನೆ ಗುಂಡಿಗೆ ಸಮಾನಾಂತರವಾಗಿರುವ ಚಿಕ್ಕ ಸಂಪರ್ಕವೊಂದನ್ನೂ ಕೂಡಿಸುತ್ತದೆ. ಬೆರಳು ತೆಗೆದರೂ ಸುರುಳಿ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಕೆಂಪು ಗುಂಡಿ ಈ ಎರಡು ದಾರಿಗಳಿಗೂ ಸರಣಿಯಲ್ಲಿದೆ. ಒತ್ತಿದರೆ ಮಂಡಲ ಕಡಿಯುತ್ತದೆ. ಸಮಾನಾಂತರವೆಂದರೆ ‘ಅಥವಾ’, ಸರಣಿಯೆಂದರೆ ‘ಮತ್ತು’, ಕೆಂಪು ಗುಂಡಿಯೇ ‘ಅಲ್ಲ’. ಮೂರು ಮೂಲದ್ವಾರಗಳಷ್ಟೇ ಅಲ್ಲ, ಒಂದು ಬಿಟ್ಟಿನ ಸ್ಮೃತಿಯೂ ಇಲ್ಲಿದೆ. ಗಣಕದ ಫ್ಲಿಪ್-ಫ್ಲಾಪು ಸಹ ಹೀಗೆಯೇ ತನ್ನ ಫಲವನ್ನು ತನಗೇ ಹಿಂದಿರುಗಿಸಿ ನೆನಪಿಡುತ್ತದೆ. ವಿದ್ಯುತ್ತು ನಿಂತರೆ ಎರಡೂ ಮರೆಯುತ್ತವೆ.

ರಿಲೇ ಹಳೆಯದು, ಚಿಪ್ಪು ಹೊಸದು ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಜಾರ್ಜ್ ಬೂಲರು 1854ರ ಗ್ರಂಥದಲ್ಲಿ ವಿವರಿಸಿದ ತರ್ಕದ ಬೀಜಗಣಿತವನ್ನು ಕ್ಲಾಡ್ ಷಾನನರು 1938ರ ಲೇಖನದಲ್ಲಿ ಅನ್ವಯಿಸಿದ್ದು ಇಂತಹ ರಿಲೇ ಮಂಡಲಗಳಿಗೇ. ಬಿಡಿಭಾಗಗಳು ಬದಲಾಗುತ್ತವೆ, ತರ್ಕ ಬದಲಾಗದು.

ಆದುದರಿಂದ ಅಧ್ಯಾಪಕರು ಚಿಹ್ನೆಗಳಿಗಿಂತ ಮೊದಲು ಈ ಮಂಡಲವನ್ನು ಹಲಗೆಯ ಮೇಲೆ ಬರೆದು ತೋರಿಸಲಿ. ಪೆಟ್ಟಿಗೆಯನ್ನು ಮಾತ್ರ ಯಾರೂ ತೆರೆಯಬಾರದು; ಅದರಲ್ಲಿ ಪ್ರಾಣಾಪಾಯವಿದೆ. ಬಳಿಕ ಒಂದು ಪ್ರಶ್ನೆ: ಎರಡು ಗುಂಡಿಗಳನ್ನೂ ಒಮ್ಮೆಗೇ ಒತ್ತಿದರೆ? ಕೆಂಪೇ ಗೆಲ್ಲುತ್ತದೆ. ಏಕೆ ಗೆಲ್ಲಬೇಕೆಂಬುದನ್ನೂ ಹೇಳಬಲ್ಲ ವಿದ್ಯಾರ್ಥಿಗೆ ಮಂಡಲರಚನೆಯ ಮರ್ಮ ತಿಳಿಯಿತೆಂದೇ ಅರ್ಥ.