ಲೈನಿನಲ್ಲಿರಿ ಎಂದವರ ಹೊಣೆ



ಓದು ಮುಗಿಸಿ ಮೊದಲ ಬಾರಿಗೆ ಕಚೇರಿಯೊಂದರ ಮೆಟ್ಟಿಲು ಹತ್ತುವ ನಮ್ಮ ಮಕ್ಕಳು ಗಣಕಯಂತ್ರಕ್ಕೆ ಹೆದರುವುದಿಲ್ಲ. ಆದರೆ ಮೇಜಿನ ಮೇಲೆ ಹತ್ತಾರು ಗುಂಡಿಗಳನ್ನೂ ಮಿಣುಕುವ ದೀಪಗಳನ್ನೂ ಹೊತ್ತು ಕುಳಿತಿರುವ ದೂರವಾಣಿಯನ್ನು ಕಂಡರೆ ಅನೇಕರು ಹಿಂಜರಿಯುತ್ತಾರೆ. ಮೊನ್ನೆ ಪರಿಚಿತರ ಮಗಳೊಬ್ಬಳು ಕೆಲಸಕ್ಕೆ ಸೇರಿದ ಎರಡನೆಯ ದಿನವೇ ಮೂರು ಕರೆಗಳನ್ನು ಕಡಿದುಹಾಕಿ ಅಳುಮುಖ ಮಾಡಿಕೊಂಡು ಮನೆಗೆ ಬಂದಳಂತೆ. 'ಗುಂಡಿ ತಪ್ಪಿ ಒತ್ತಿದ್ದಕ್ಕೆ ಇಷ್ಟೇಕೆ ದುಃಖ?' ಎಂದು ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಆ ಮಗುವಿನ ದುಃಖದಲ್ಲಿ ಅರ್ಥವಿದೆ ಎಂಬುದನ್ನು ನಾನು ಬಹಳ ಹಿಂದೆ, ತಂತಿಯ ಈಚೆ ತುದಿಯಲ್ಲಿ ನಿಂತು ಕಲಿತಿದ್ದೇನೆ.

ಜಾತ್ರೆಯ ದಿನದ ನಾಲ್ಕು ಕರೆಗಳು

1990ರ ದಶಕದ ಒಂದು ಫಾಲ್ಗುಣ ಮಾಸ. ನಾಯಕನಹಟ್ಟಿಯಲ್ಲಿ ಶ್ರೀ ಗುರು ತಿಪ್ಪೇರುದ್ರಸ್ವಾಮಿಯವರ ಜಾತ್ರೆ. ಭಕ್ತರು ಸುಡುವ ಕೊಬ್ಬರಿಯ ಹೊಗೆ ಗಾಳಿಯಲ್ಲಿ ಬೆರೆತಿತ್ತು. ಮುಕ್ತಿ ಬಾವುಟವನ್ನು ಈ ಬಾರಿ ಯಾರು ಹರಾಜಿನಲ್ಲಿ ಪಡೆಯುವರೆಂದು ಜನ ಕುತೂಹಲದಿಂದ ಮಾತನಾಡಿಕೊಳ್ಳುತ್ತಿದ್ದರು. ಆ ಸಂಭ್ರಮದ ನಡುವೆ ನಾನೂ ನನ್ನ ತಂದೆಯವರೂ ಒಂದು ಎಸ್‌ಟಿಡಿ ಬೂತಿನೊಳಗೆ ನಿಂತಿದ್ದೆವು. ದೂರದ ನಗರವೊಂದರ ದೊಡ್ಡ ಆಸ್ಪತ್ರೆಯಲ್ಲಿ ನನ್ನ ತಂಗಿ ಮಲಗಿದ್ದಳು. ಜೊತೆಯಲ್ಲಿದ್ದವಳು ನಮ್ಮ ಅವ್ವ. ಅವಳಿಗೆ ಅಕ್ಷರ ಬಾರದು, ಆ ಊರಿನ ಬೀದಿಗಳ ಗುರುತಿಲ್ಲ. ಶಸ್ತ್ರಚಿಕಿತ್ಸೆಯ ದಿನ ಯಾವುದೆಂದು ನಾವೇ ದೂರವಾಣಿಯಲ್ಲಿ ಕೇಳಿ ತಿಳಿಯಬೇಕಾಗಿತ್ತು.

ಮೊದಲ ಕರೆಗೆ 'ಲೈನಿನಲ್ಲಿರಿ' ಎಂಬ ಉತ್ತರ ಬಂತು. ಬಳಿಕ ಸಂಗೀತ. ಬೂತಿನ ಮೀಟರಿನ ಕೆಂಪು ಅಂಕಿಗಳು ಏರುತ್ತಲೇ ಇದ್ದವು. ಕೊನೆಗೆ ಕರೆ ತಾನಾಗಿ ಕಡಿದುಹೋಯಿತು. ಎರಡನೆಯ ಬಾರಿ ಮಾತು ಪೂರ್ತಿ ಕೇಳದೆಯೇ ಇನ್ನೊಂದು ವಿಭಾಗಕ್ಕೆ ತಿರುಗಿಸಿದರು. ಅಲ್ಲಿಯವರು 'ಇದು ನಮಗೆ ಸಂಬಂಧಿಸಿದ್ದಲ್ಲ' ಎಂದು ಇಟ್ಟುಬಿಟ್ಟರು. ಮೂರನೆಯ ಬಾರಿ ತಿರುಗಿಸಿದ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಎತ್ತುವವರಿರಲಿಲ್ಲ. ತಂದೆಯವರು ಜೇಬು ತಡವಿಕೊಂಡರು. ಬೂತಿನವನು ಅವರ ಮುಖ ನೋಡಿ, 'ಇನ್ನೊಂದ್ ಸಲ ಮಾಡ್ರಿ ಯಜಮಾನ್ರೆ, ದುಡ್ಡು ಆಮೇಲೆ ಕೊಡುವ್ರಂತೆ' ಎಂದನು.

ನಾಲ್ಕನೆಯ ಕರೆಯನ್ನು ಎತ್ತಿದವಳು ಒಬ್ಬ ಹೆಣ್ಣುಮಗಳು. 'ಎಲ್ಲಿಂದ ಮಾತನಾಡುತ್ತಿದ್ದೀರಿ? ರೋಗಿಯ ಹೆಸರು, ವಾರ್ಡು ಹೇಳಿ. ನೀವು ನಿಂತಿರುವ ಬೂತಿನ ನಂಬರು ಕೊಡಿ. ನಾನು ವಿಚಾರಿಸಿ ಹತ್ತು ನಿಮಿಷದಲ್ಲಿ ನಾನೇ ಕರೆ ಮಾಡುತ್ತೇನೆ, ಅಲ್ಲಿಯೇ ಇರಿ' ಎಂದಳು. ಹೇಳಿದಂತೆಯೇ ಮಾಡಿದಳು. ಶಸ್ತ್ರಚಿಕಿತ್ಸೆ ಮರುದಿನ ಬೆಳಿಗ್ಗೆಯೇ ನಿಗದಿಯಾಗಿತ್ತು. ಒಪ್ಪಿಗೆಯ ಸಹಿಗೂ ರಕ್ತ ಕೊಡುವುದಕ್ಕೂ ಮನೆಯವರು ಬೆಳಗಾಗುವುದರೊಳಗೆ ಬರಬೇಕಾಗಿತ್ತು. ಜಾತ್ರೆಯ ಜನಜಂಗುಳಿಯನ್ನು ದಾಟಿ ಚಳ್ಳಕೆರೆಗೆ ಬಂದು ರಾತ್ರಿಯ ಬಸ್ಸು ಹಿಡಿದೆವು. ತಂಗಿ ಬದುಕಿದಳು, ಇಂದು ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾಳೆ.

ಆ ಹೆಣ್ಣುಮಗಳ ಹೆಸರನ್ನು ಕೇಳಲು ನಮಗೆ ಅಂದು ಹೊಳೆಯಲೇ ಇಲ್ಲ. ನಾಲ್ಕು ಕರೆಗಳಿಗೂ ಯಂತ್ರ ಒಂದೇ ಆಗಿತ್ತು, ಗುಂಡಿಗಳೂ ಅವೇ. ಬೇರೆಯಾಗಿದ್ದುದು, ಎತ್ತಿದ ಕರೆ ಮುಟ್ಟಬೇಕಾದಲ್ಲಿಗೆ ಮುಟ್ಟುವವರೆಗೆ ಅದು ತನ್ನದೆಂಬ ಭಾವ. ಈ ತಿಂಗಳ ಅಂಕಣದಲ್ಲಿ ಆ ಗುಂಡಿಗಳ ಬಳಕೆಯನ್ನು ಈ ಭಾವದೊಡನೆಯೇ ವಿವರಿಸಬೇಕೆಂದಿದ್ದೇನೆ.

ಯಂತ್ರದ ಪರಿಚಯ

ಮನೆಯ ದೂರವಾಣಿಗೆ ಒಂದು ಲೈನು, ಒಂದು ಮಾತು. ಕಚೇರಿಯದು ಹಾಗಲ್ಲ. ಹೊರಗಿನಿಂದ ನಾಲ್ಕೇ ಲೈನುಗಳು ಬಂದಿರಬಹುದು, ಒಳಗೆ ನಲವತ್ತು ಎಕ್ಸ್‌ಟೆನ್ಷನ್‌ಗಳಿರಬಹುದು. ಇವೆರಡರ ನಡುವೆ ನಿಂತು ಕರೆಗಳನ್ನು ಹಂಚುವ ಯಂತ್ರವನ್ನು ಇಪಿಎಬಿಎಕ್ಸ್ ಎಂದು ಕರೆಯುತ್ತಾರೆ. ಕೆರೆಯ ತೂಬಿನಿಂದ ಬಂದ ನೀರನ್ನು ನೀರಗಂಟಿಯು ಸರದಿಯಂತೆ ಗದ್ದೆಗದ್ದೆಗೆ ತಿರುಗಿಸುವುದಿಲ್ಲವೇ? ಹಾಗೆಯೇ ಇದು. ಹೊರಗಿನವರು ಒಂದೇ ನಂಬರಿಗೆ ಕರೆ ಮಾಡಿದರೂ ಆ ಲೈನು ಬಿಡುವಿಲ್ಲದಿದ್ದಾಗ ಕರೆ ತಾನಾಗಿ ಮುಂದಿನ ಲೈನಿಗೆ ಹರಿಯುವ ಏರ್ಪಾಡಿಗೆ 'ಹಂಟಿಂಗ್' ಎಂದು ಹೆಸರು.

ಇಂಥ ಯಂತ್ರಗಳ ಚರಿತ್ರೆಯಲ್ಲಿ ನಮ್ಮ ನಾಡಿನ ಒಂದು ಊರಿಗೂ ಸ್ಥಾನವಿದೆ. 1984ರಲ್ಲಿ ಸ್ಥಾಪನೆಗೊಂಡ ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆಯು ಕಚೇರಿಗಳಿಗಾಗಿ 128 ಪೋರ್ಟುಗಳ ಯಂತ್ರವೊಂದನ್ನು ರೂಪಿಸಿತು. ಆ ವಿನ್ಯಾಸದ ತಳಹದಿಯ ಮೇಲೆಯೇ ಹಳ್ಳಿಗಾಡಿಗೆಂದು, ಹವಾನಿಯಂತ್ರಣದ ಹಂಗಿಲ್ಲದೆ ಬಿಸಿಲು ಧೂಳುಗಳನ್ನು ತಾಳಿಕೊಳ್ಳುವ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಸಿದ್ಧಪಡಿಸಿತು. ಅದರ ಮೊದಲ ಸ್ಥಾಪನೆ ನಡೆದದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹಳ್ಳಿಯ ದೂರವಾಣಿಯೂ ಕಚೇರಿಯ ದೂರವಾಣಿಯೂ ಹೀಗೆ ಒಡಹುಟ್ಟಿದವು.

ಹೋಲ್ಡ್: ಕಾಯಿಸುವ ಗುಂಡಿ

ಕರೆಯನ್ನು ಕಡಿಯದೆ ತಾತ್ಕಾಲಿಕವಾಗಿ ತಡೆದು ನಿಲ್ಲಿಸುವುದೇ ಹೋಲ್ಡ್. ಈ ಗುಂಡಿ ಒತ್ತಿದಾಗ ನಿಮ್ಮ ಮಾತು ಅವರಿಗೆ ಕೇಳದು, ಅವರ ಮಾತು ನಿಮಗೆ ಕೇಳದು. 'ಮ್ಯೂಟ್' ಎಂಬುದು ಬೇರೆ. ಅದು ನಿಮ್ಮ ಧ್ವನಿಯನ್ನು ಮಾತ್ರ ಮುಚ್ಚುತ್ತದೆ, ಅವರಾಡುವುದು ನಿಮಗೆ ಕೇಳುತ್ತಲೇ ಇರುತ್ತದೆ. ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ಪಕ್ಕದವರೊಡನೆ ಮಾತನಾಡುವುದು ಹಲವರ ಅಭ್ಯಾಸ. ಅಂಗೈ ಯಾವ ಗುಟ್ಟನ್ನೂ ಕಾಯುವುದಿಲ್ಲ. 'ಮತ್ತೆ ಅದೇ ಮುದುಕ' ಎಂಬ ಮಾತು ಆ ಮುದುಕನ ಕಿವಿಗೆ ಬಿದ್ದೇ ಬೀಳುತ್ತದೆ.

ಹೋಲ್ಡಿನಲ್ಲಿ ಸಂಗೀತ ಕೇಳಿಬರುವುದಕ್ಕೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಅಮೆರಿಕದ ಆಲ್ಫ್ರೆಡ್ ಲೆವಿ ಎಂಬ ಕಾರ್ಖಾನೆಯ ಮಾಲೀಕನ ಕಟ್ಟಡದಲ್ಲಿ ದೂರವಾಣಿಯ ತಂತಿಯೊಂದು ಸಡಿಲಗೊಂಡು ಉಕ್ಕಿನ ತೊಲೆಗೆ ತಾಗಿತ್ತು. ಅದರಿಂದ ಪಕ್ಕದ ಬಾನುಲಿ ಕೇಂದ್ರದ ಹಾಡು ಕಾಯುತ್ತಿದ್ದವರ ಕಿವಿಗೆ ಬೀಳತೊಡಗಿತು. ಆ ದೋಷವನ್ನೇ ಉಪಾಯವನ್ನಾಗಿ ಮಾಡಿಕೊಂಡು ಆತ 1962ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ. 1966ರಲ್ಲಿ ಅದು ದೊರೆಯಿತು. ಲೈನು ಕಡಿದಿಲ್ಲವೆಂಬ ಭರವಸೆಯನ್ನು ಸಂಗೀತ ನೀಡುತ್ತದೆ, ನಿಜ. ಆದರೆ ನಮ್ಮನ್ನು ನೆನಪಿಟ್ಟುಕೊಂಡಿದ್ದಾರೆಂಬ ಭರವಸೆಯನ್ನು ಮನುಷ್ಯರ ಮಾತೇ ನೀಡಬೇಕು.

ಆದ್ದರಿಂದ ಮೊದಲು ಕಾರಣ ಹೇಳಿ, 'ಕಡತ ನೋಡಬೇಕು, ಒಂದು ನಿಮಿಷ ಕಾಯುವಿರಾ?' ಎಂದು ಕೇಳಿ ಅವರ ಉತ್ತರಕ್ಕೆ ಕಾಯಬೇಕು. ಅನಂತರವೇ ಗುಂಡಿ ಒತ್ತಬೇಕು. ಕೆಲಸ ಮುಗಿಯದಿದ್ದರೂ ನಡುವೆ ಬಂದು ಒಂದು ಮಾತು ಹೇಳಬೇಕು. ಹೆಚ್ಚು ಹೊತ್ತಾಗುವುದಾದರೆ ನಂಬರು ಬರೆದುಕೊಂಡು ನಾವೇ ಕರೆ ಮಾಡುವುದು ಲೇಸು. ಮರೆತವರನ್ನು ಎಚ್ಚರಿಸಲೆಂದು ಅನೇಕ ಯಂತ್ರಗಳಲ್ಲಿ ನಿಗದಿತ ಅವಧಿಯ ನಂತರ ಹೋಲ್ಡಿನ ಕರೆ ತಾನಾಗಿ ಮತ್ತೆ ಗಂಟೆ ಬಾರಿಸುವ ಏರ್ಪಾಡಿದೆ, ಅದನ್ನು ಆರಿಸಿಡಬಾರದು.

ನಮ್ಮ ಹಟ್ಟಿಯ ತಿಪ್ಪೇಶನನ್ನು ಜನ ನೆನೆಯುವುದು 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತಿನಿಂದ, ಕೆರೆ ಕಟ್ಟಿದವರಿಗೆ ಅವರವರ ದುಡಿಮೆಗೆ ತಕ್ಕ ಕೂಲಿ ಸಂದಿತೆಂಬ ಕಥೆಗಳಿಂದ. ಕೂಲಿಯ ದಿನ ಬಿಟ್ಟು ಕಚೇರಿಗೆ ಕರೆ ಮಾಡುವ ಬಡವನ ಹೊತ್ತು ಅವನ ಅನ್ನವೇ ಆಗಿದೆ. ಅವನನ್ನು ಮರೆತು ಅರ್ಧ ಗಂಟೆ ಸಂಗೀತ ಕೇಳಿಸುವುದು ಅವನ ಕೂಲಿಯನ್ನು ಹಿಡಿದಿಟ್ಟುಕೊಂಡಂತೆ.

ಟ್ರಾನ್ಸ್‌ಫರ್: ದಾಟಿಸುವ ಗುಂಡಿ

ಕರೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ, ಟ್ರಾನ್ಸ್‌ಫರ್ ಗುಂಡಿಯನ್ನೋ ಫ್ಲಾಶ್ ಗುಂಡಿಯನ್ನೋ ಒತ್ತಿ, ಎಕ್ಸ್‌ಟೆನ್ಷನ್ ನಂಬರು ಒತ್ತಿ, ರಿಸೀವರನ್ನು ಇಟ್ಟುಬಿಡುವುದು. ಆ ಕಡೆ ಯಾರಾದರೂ ಇದ್ದಾರೆಯೇ ಇಲ್ಲವೇ ಎಂಬುದು ನಮಗೆ ತಿಳಿಯದು. ಎರಡನೆಯದರಲ್ಲಿ, ಅದೇ ಗುಂಡಿ, ಅದೇ ನಂಬರು. ಆದರೆ ರಿಸೀವರನ್ನು ಇಡದೆ ಆ ಕಡೆಯವರು ಎತ್ತುವವರೆಗೆ ಕಾಯುವುದು. 'ನಾಯಕನಹಟ್ಟಿಯಿಂದ ಒಬ್ಬರು, ತಂಗಿಯ ಶಸ್ತ್ರಚಿಕಿತ್ಸೆಯ ದಿನ ಕೇಳುತ್ತಿದ್ದಾರೆ, ಮಾತನಾಡುವಿರಾ?' ಎಂದು ವಿಷಯ ತಿಳಿಸಿ, ಅವರು ಒಪ್ಪಿದ ಮೇಲೆ ಇಡುವುದು. ಅವರು ಎತ್ತದಿದ್ದರೆ ಹೋಲ್ಡಿನಲ್ಲಿರುವವರ ಬಳಿಗೆ ಮರಳಿ ಬಂದು ಹಾಗೆಂದು ತಿಳಿಸುವುದು. ಗುಂಡಿಗಳ ಕ್ರಮ ಯಂತ್ರದಿಂದ ಯಂತ್ರಕ್ಕೆ ಕೊಂಚ ಬೇರೆಯಾಗುವುದರಿಂದ ಕೈಪಿಡಿಯನ್ನು ಮೊದಲ ದಿನವೇ ಓದಿ, ಸಹೋದ್ಯೋಗಿಯೊಡನೆ ನಾಲ್ಕು ಬಾರಿ ಅಭ್ಯಾಸ ಮಾಡಬೇಕು.

ಅವಸರವಿದ್ದಾಗ ಮೊದಲ ವಿಧಾನವೂ ತಪ್ಪಲ್ಲ. ಆದರೆ ನೋವಿನಲ್ಲಿರುವವರನ್ನೂ ವಯಸ್ಸಾದವರನ್ನೂ ಒಮ್ಮೆ ಈಗಾಗಲೇ ಅಲೆದು ಬಂದವರನ್ನೂ ಎರಡನೆಯ ವಿಧಾನದಲ್ಲಿಯೇ ದಾಟಿಸಬೇಕು. ಎರಡರಲ್ಲಿಯೂ ಒಂದು ಎಚ್ಚರಿಕೆ: 'ಲೈನು ಕಡಿದರೆ ಇಂಥ ಎಕ್ಸ್‌ಟೆನ್ಷನ್ ಕೇಳಿ' ಎಂದು ನಂಬರನ್ನು ಮುಂಚಿತವಾಗಿ ಹೇಳಬೇಕು. ನಮ್ಮ ಎರಡನೆಯ ಕರೆಯಲ್ಲಿ ಯಾರಾದರೂ ಈ ಒಂದು ಮಾತು ಹೇಳಿದ್ದರೆ ಮೂರನೆಯದು ಬೇಕಾಗುತ್ತಿರಲಿಲ್ಲ.

ಕರೆ ದಾಟಿಸುವವರ ಪ್ರಾಮಾಣಿಕತೆ ಎಷ್ಟು ಮುಖ್ಯವೆಂಬುದಕ್ಕೆ ಹಳೆಯ ಕಥೆಯೊಂದಿದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೋಜರ್ ಎಂಬಾತನಿಗೆ, ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನವರು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾರೆಂಬ ಅನುಮಾನ ಮೂಡಿತಂತೆ. ಆ ಸಿಟ್ಟಿನಲ್ಲಿಯೇ ಆತ ಮನುಷ್ಯರ ನೆರವಿಲ್ಲದೆ ಕರೆ ಜೋಡಿಸುವ ಯಂತ್ರವನ್ನು ಕಲ್ಪಿಸಿದ. 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದ.

ಉಳಿದ ಸೌಲಭ್ಯಗಳು

ಪಕ್ಕದ ಮೇಜಿನ ಗಂಟೆಯನ್ನು ನಮ್ಮ ಮೇಜಿನಿಂದಲೇ ಎತ್ತಿಕೊಳ್ಳುವುದು 'ಪಿಕಪ್'. 'ಅದು ನನ್ನ ಫೋನಲ್ಲ' ಎಂದು ಸುಮ್ಮನಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕರೆಯನ್ನು ನಿಗದಿತ ಸಂಖ್ಯೆಯೊಂದರಲ್ಲಿ ನಿಲ್ಲಿಸಿ ಬೇರೊಂದು ಕೋಣೆಯ ದೂರವಾಣಿಯಿಂದ ಮರಳಿ ಪಡೆಯುವುದು 'ಪಾರ್ಕ್'. ಉಗ್ರಾಣ, ವಾರ್ಡುಗಳಲ್ಲಿ ಓಡಾಡುವವರಿಗೆ ಉಪಯುಕ್ತ. ಮೂವರೋ ಹೆಚ್ಚಿನವರೋ ಕೂಡಿ ಮಾತನಾಡುವುದು 'ಕಾನ್ಫರೆನ್ಸ್'. ಲೈನಿನಲ್ಲಿ ಯಾರು ಯಾರಿದ್ದಾರೆಂದು ಮೊದಲೇ ಹೇಳದೆ ಯಾರನ್ನೂ ಕೂಡಿಸಿಕೊಳ್ಳಬಾರದು.

'ಫಾರ್ವರ್ಡ್' ಎಂದರೆ ನಮಗೆ ಬರುವ ಕರೆಗಳು ಇನ್ನೊಂದು ನಂಬರಿಗೆ ಹೋಗುವಂತೆ ಮಾಡುವುದು. ಎಲ್ಲ ಕರೆಗಳನ್ನೂ ತಿರುಗಿಸಬಹುದು, ಅಥವಾ ನಾವು ಬಿಡುವಿಲ್ಲದಿದ್ದಾಗ, ಎತ್ತದಿದ್ದಾಗ ಮಾತ್ರ ತಿರುಗಿಸಬಹುದು. ರಜೆಗೆ ಹೋಗುವಾಗ ಹಾಕಿದ್ದನ್ನು ಮರಳಿದ ಬಳಿಕ ತೆಗೆಯದೆ ಮರೆಯುವುದು ಸಾಮಾನ್ಯ. ಅದನ್ನು ದಿನಚರಿಯಲ್ಲಿ ಬರೆದಿಡಬೇಕು.

ಇದೇ ಸೌಲಭ್ಯ ಇಂದು ಮನೆಮನೆಯ ಮೊಬೈಲಿನಲ್ಲಿಯೂ ಇರುವುದರಿಂದ ಹಿರಿಯರಿಗೊಂದು ಎಚ್ಚರಿಕೆ. ಕಂಪನಿಯವರೆಂದು ಹೇಳಿಕೊಂಡು ಯಾರೋ ಕರೆ ಮಾಡಿ, ನಕ್ಷತ್ರದ ಚಿಹ್ನೆಯೊಡನೆ 401 ಒತ್ತಿ ಬಳಿಕ ತಾವು ಹೇಳುವ ನಂಬರನ್ನು ಒತ್ತಿರೆಂದು ಕೇಳುವ ವಂಚನೆ ನಡೆಯಿತು. ಒತ್ತಿದವರ ಕರೆಗಳೆಲ್ಲ ವಂಚಕನ ಪಾಲಾಗಿ, ಧ್ವನಿಯ ಮೂಲಕ ಬರುವ ಬ್ಯಾಂಕಿನ ಗುಪ್ತ ಸಂಖ್ಯೆಯೂ ಅವನಿಗೇ ತಲುಪುವಂತಾಗುತ್ತಿತ್ತು. ದೂರಸಂಪರ್ಕ ಇಲಾಖೆಯು 2024ರ ಏಪ್ರಿಲ್ 15ರಿಂದ ಇಂಥ ಸಂಕೇತಗಳ ಮೂಲಕ ಕರೆ ತಿರುಗಿಸುವುದನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು. ವಂಚಕರು ಹೊಸ ದಾರಿ ಹುಡುಕುತ್ತಾರೆ. ಅಪರಿಚಿತರು ಹೇಳಿದ ಯಾವ ಸಂಖ್ಯೆಯನ್ನೂ ಒತ್ತಬಾರದು. ಮೋಸಹೋದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

ಬಾಗಿಲಲ್ಲಿ ನಿಂತವರು

ಮನೆಗೆ ಬಂದವರನ್ನು ಮಾತನಾಡಿಸದ ಸಿರಿವಂತಿಕೆಯನ್ನು ಬಸವಣ್ಣನವರು ಕಟುವಾಗಿಯೇ ಪ್ರಶ್ನಿಸಿದ್ದಾರೆ. ದೂರವಾಣಿಯ ಗಂಟೆ ಬಾರಿಸುವವರೂ ಬಾಗಿಲಿಗೆ ಬಂದವರೇ. ಅವರ ಬಾಡಿದ ಮುಖ ನಮಗೆ ಕಾಣುವುದಿಲ್ಲ, ಅಷ್ಟೇ. ಈಗ ನಮ್ಮ ಹಟ್ಟಿಯ ಸಮೀಪದ ಕುದಾಪುರದಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ; ಸುತ್ತಲಿನ ಊರುಗಳ ಮಕ್ಕಳು ದೂರದೂರದ ಕಚೇರಿಗಳಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಮೊದಲ ಕಾಯಕ ದೂರವಾಣಿಯ ಮುಂದೆಯೇ ಆರಂಭವಾಗುತ್ತದೆ. ಅದು ಸಣ್ಣ ಕೆಲಸವೆಂದು ತಾಯಿತಂದೆಯರು ಹೇಳದಿರಲಿ.

ಮೂರು ಕರೆಗಳನ್ನು ಕಡಿದು ಅತ್ತ ಆ ಮಗುವಿಗೆ ನಾನು ಹೇಳಿದ್ದು ಇಷ್ಟೇ: 'ನಿನ್ನ ಮೇಜಿನ ಮೇಲೆ ಒಂದು ಪುಸ್ತಕ, ಒಂದು ಪೆನ್ನು ಇರಲಿ. ಕರೆ ಎತ್ತಿದ ಕೂಡಲೇ ಹೆಸರು, ಊರು, ನಂಬರು ಬರೆದುಕೋ. ಆಮೇಲೆ ಯಾವ ಗುಂಡಿ ತಪ್ಪಿದರೂ ನೀನೇ ಅವರಿಗೆ ಕರೆ ಮಾಡಬಹುದು.' ಅಂದು ಆ ಆಸ್ಪತ್ರೆಯ ಹೆಣ್ಣುಮಗಳು ಮಾಡಿದ್ದೂ ಅದನ್ನೇ. ವಾರದ ಬಳಿಕ ಅವಳು ಪುಸ್ತಕವನ್ನು ತಂದು ತೋರಿಸಿದಳು. ಎರಡು ಪುಟ ತುಂಬಿತ್ತು. ಪ್ರತಿ ಹೆಸರಿನ ಮುಂದೆಯೂ 'ಮುಟ್ಟಿತು' ಎಂದು ಬರೆದಿದ್ದಳು.