ಎತ್ತಿಗೆ ಸೋಮವಾರ, ನಮಗೆ?

ನಮ್ಮ ಊರುಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುತ್ತಿರಲಿಲ್ಲ. ಯೆಹೂದಿಗಳ ಸಬ್ಬತ್ ಬಗ್ಗೆ ಓದಿದಾಗ ನೆನಪಾದದ್ದು ಅದೇ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮನೆಯಲ್ಲಿ ದೀಪ ಹಚ್ಚಿದರೆ, ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ದುಡಿಮೆ ಇಲ್ಲ. ಆಳಿಗೂ ಎತ್ತಿಗೂ ಅವತ್ತು ಬಿಡುವು ಕೊಡಬೇಕು ಅನ್ನುತ್ತದೆ ಅವರ ತೋರಾ. ಬೆಂಗಳೂರಿನಲ್ಲಿ ಅವರು ತೀರಾ ಕಡಿಮೆ. ಮೈಸೂರು ರಸ್ತೆಯಲ್ಲಿ 1904ರ ಅವರ ಸ್ಮಶಾನವಿದೆ. ಆದರೆ ಸಬ್ಬತ್‌ಗೆ ಮನೆ ಸಾಕು.

ಶುಕ್ರವಾರ ಸಂಜೆ ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸು ನಿಂತರೆ ಎಲ್ಲರ ಕೈಯಲ್ಲೂ ಫೋನು, ಆಫೀಸಿನ ಮೆಸೇಜು. ನಮ್ಮದೂ ಅಷ್ಟೇ. ಊರಲ್ಲಿ ಟ್ರ್ಯಾಕ್ಟರ್ ಬಂದು ಸೋಮವಾರವೂ ಹೋಯಿತು. ಯಂತ್ರಕ್ಕೆ ದಣಿವಿಲ್ಲ, ಸರಿ, ಓಡಿಸುವವನಿಗೆ? ಬಿಡುವು ಅಂದರೆ ಸೋಮಾರಿತನ ಅನ್ನುವುದನ್ನು ನಾವು ಒಪ್ಪುವುದಿಲ್ಲ. ಸುಮ್ಮನೆ ಕೂತಾಗಲೇ ಮನಸ್ಸಿನ ಗೋಜಲು ಕಾಣುವುದು. ವಾರಕ್ಕೊಂದು ಸಂಜೆ ಫೋನು ಆಫ್ ಮಾಡಿ, ಜತೆಗೆ ಕೂತು ಉಣ್ಣಲು ಶುರು ಮಾಡಿದ್ದೇವೆ. ಮೊದಲ ವಾರ ಒಂದು ಗಂಟೆ ತಡೆದುಕೊಂಡದ್ದೇ ಹೆಚ್ಚು.